ಆರ್ಕಿಡ್ ಎಲೆಯ ಕಾಡಿಗೆ

ಮಗಳು ರುಚಿತಾ ಸಂಭಾಜಿನಗರದಿಂದ ಓಝರ್‌ಗೆ, ನಮ್ಮ ಕ್ವಾರ್ಟರ್ಸಿಗೆ, ಬಾಣಂತನಕ್ಕೆ ಬಂದಳು. ಕೂಸು ಇರಲಿಲ್ಲ. ತುಂಬಿದ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅಳಿಯ ವಿನಯ ಕಾರಿನಿಂದ ಒಂದು ಬ್ಯಾಗು, ಒಂದು ಆರ್ಕಿಡ್ ಕುಂಡ ಇಳಿಸಿ, ಚಹಾ ಕೂಡ ಕುಡಿಯದೆ ಹೋದ. ಏಳನೇ ತಿಂಗಳ ಕುಬಸದ ದಿನ ಅವಳ ಆಫೀಸಿನ ಗೆಳತಿಯರು ಕೊಟ್ಟ ಗಿಡ ಅದು.

ಕೂಸು ಇರಲಿ ಬಿಡಲಿ, ಹೆತ್ತ ಮೈ ಹೆತ್ತ ಮೈಯೇ. ಆದರೆ ಎಣ್ಣೆ ಹಚ್ಚಿ ಎರೆಯುತ್ತೇನೆಂದರೆ, "ನಕೋ ಅವ್ವಾ. ಅದೆಲ್ಲಾ ಕೂಸಿದ್ದವರಿಗೆ," ಎಂದು ಗೋಡೆಯತ್ತ ಹೊರಳುತ್ತಿದ್ದಳು. ನಾನು ದಿನವೂ ನೀರು ಕಾಯಿಸುತ್ತಿದ್ದೆ. ಆಮೇಲೆ ಅದರಲ್ಲೇ ಬಟ್ಟೆ ನೆನೆಸುತ್ತಿದ್ದೆ.

ಗಿಡದ ಎಲೆಗಳ ಮೇಲೆ ಮಸಿ ಸುರಿದಂತೆ ಕಪ್ಪು, ಮುಟ್ಟಿದರೆ ಅಂಟು. ದಿಂಡೋರಿ ಕಡೆ ದ್ರಾಕ್ಷಿಗೂ ಇದೇ ಕಾಟ. ಹಿಟ್ಟು ತಿಗಣೆ ರಸ ಹೀರಿ ಸಿಹಿಯಾದ ಅಂಟು ಬಿಡುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಏಳುತ್ತದೆ. ಮೊನ್ನೆ ಬಟ್ಟೆ ಒಣಹಾಕಿದ ಮೇಲೆ ಬಾಗಿಲ ಮುಂದೆ ಕೂತು, ಸಾಬೂನು ಕದಡಿದ ಬೆಚ್ಚನೆಯ ನೀರಿನಲ್ಲಿ ಅರಿವೆ ಅದ್ದಿ ಒಂದೊಂದೇ ಎಲೆ ಒರೆಸುತ್ತಿದ್ದೆ. ಮೇಲಿನ ಮನೆಯ ಮಂಜುಳಾ, ವಿಜಯಪುರಕ್ಕೆ ಹೋಗಿ ತಿಂಗಳ ಮೇಲೆ ಮರಳಿದವಳು, ಚೀಲ ಹಿಡಿದು ಮೆಟ್ಟಿಲು ಹತ್ತುತ್ತಾ ನಕ್ಕಳು.

"ಏನ್ರೀ ವೈನಿ, ಕೂಸಿಗೆ ಹಚ್ಚೂ ಕಾಡಿಗಿ ಗಿಡಕ್ಕ ಹಚ್ಚೀರಲ್ರೀ! ಇದಕ್ಯಾರ ದೃಷ್ಟಿ ಆಗತೈತಿ? ಎಲ್ಲಿ, ಮೊದಲ ಮೊಮ್ಮಗನ್ನ ತೋರಸ್ರಿ."

ರುಚಿತಾ ಹೊಸ್ತಿಲಲ್ಲೇ ನಿಂತಿದ್ದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಮಂಜುಳಾಳ ಮುಖ ಬಿಳಿಚಿತು. "ನನಗ ಗೊತ್ತಿರಲಿಲ್ಲವ್ವಾ... ಯಾರೂ ಹೇಳಲಿಲ್ಲ ನನಗ," ಎನ್ನುತ್ತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೇಲೆ ಹೋದಳು.

ಮಗಳು ಒಳಗೆ ಹೋಗಿ ಮಲಗುತ್ತಾಳೆಂದುಕೊಂಡೆ. ಬಂದು ನನ್ನೆದುರು ಕೂತಳು. ನಾನು ಹೊರಳಿಸಿ ಹಿಡಿದ ಎಲೆಯ ಅಡಿಯಲ್ಲಿ ಹತ್ತಿಯಂಥ ಹುಳಗಳಿದ್ದವು.

"ಕಪ್ಪು ಕಾಣೂಕಿಂತ ಮೊದಲ ಇವು ಇದ್ದವೇನವ್ವಾ?"

"ಇದ್ದವು. ಎಲಿ ಕೆಳಗ ಯಾರ ನೋಡತಾರ?"

"ದಿನಾ ನೀರ ಹಾಕ್ತಿದ್ದೆ ನಾ. ನನಗ ಕಾಣಲೇ ಇಲ್ಲ."

ಅವಳು ಗಿಡದ ಮಾತಾಡುತ್ತಿರಲಿಲ್ಲ. ಅರಿವೆ ಕೆಳಗಿಟ್ಟೆ.

"ಆ ದಿನ ಅದು ಒದೀಲಿಲ್ಲ ಅವ್ವಾ. ಮಲಗೇದ ಅನಕೊಂಡೆ. ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೋದೆ. ಅವತ್ತೇ ಡಾಕ್ಟರ್ ಕಡೆ ಹೋಗಿದ್ದರ..."

ಹೊಕ್ಕುಳಬಳ್ಳಿ ಸುತ್ತಿತ್ತು, ನಿನ್ನ ತಪ್ಪಲ್ಲ ಎಂದು ಡಾಕ್ಟರು ಹೇಳಿದ್ದರು. ವಿನಯನೂ ಹೇಳಿದ್ದ. ಅವೆಲ್ಲ ಅವಳ ಕಿವಿಯ ತನಕವೇ ಹೋಗಿದ್ದವು.

"ನೀನೂ ಹಂಗ ಒಂದಿನ ಹೊಟ್ಟ್ಯಾಗ ಸುಮ್ಮನ ಇದ್ದಿ," ಎಂದೆ. "ಮಲಗೀದಿ ಅಂತ ನಾನೂ ರೊಟ್ಟಿ ಬಡದು, ಉಂಡು, ಮಲಗಿದೆ. ಮರುದಿನ ಒದ್ದಿ. ನಾ ಶಾಣ್ಯಾಕಿ ಅಂತ ನೀ ಉಳೀಲಿಲ್ಲವ್ವಾ."

ಅವಳು ನನ್ನ ಮುಖ ನೋಡಿದಳು. "ಖರೇನಾ?"

"ಖರೇ."

ತಲೆಯನ್ನು ನನ್ನ ತೊಡೆಯ ಮೇಲಿಟ್ಟು ಅತ್ತಳು. ಬಂದ ಮೇಲೆ ಅತ್ತಿದ್ದು ಅದೇ ಮೊದಲು. ಬಿಸಿಲು ಮೆಟ್ಟಿಲಿಗೆ ಬಂದಾಗ ಎದ್ದು, "ನೀರ ಕಾದಾವೇನು?" ಎಂದಳು.

ಮತ್ತೆ ನೀರು ಕಾಯಿಸಿ, ಬಚ್ಚಲಿನಲ್ಲಿ ಅವಳ ಬೆನ್ನಿಗೆ ಎಣ್ಣೆ ತಿಕ್ಕಿದೆ, ಚರಿಗೆ ಚರಿಗೆ ಎರೆದೆ. ಕಣ್ಣು ಮುಚ್ಚಿ ಕೂತಿದ್ದಳು. ನನ್ನ ಹೊಟ್ಟೆಯಲ್ಲಿದ್ದಾಗ ಇವಳು ಒದೆಯದೆ ಸುಮ್ಮನಿದ್ದ ದಿನ ಒಂದೂ ಇರಲಿಲ್ಲ.