ನಲ್ಲಿ ಹಿಡಿದಿದ್ದ ತುದಿ

ಸೋಪಿನ ನೊರೆಯ ವಾಸನೆ, ಅದರ ಹಿಂದೆಯೇ ಬಿಸಿಲಿನ ವಾಸನೆ, ಬಿಸಿಲಿಗೂ ವಾಸನೆ ಇರುತ್ತದೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ, ಒದ್ದೆ ಬೆಡ್‌ಶೀಟಿನ ಈ ತುದಿ ಪಾದ್ರಿಯ ಕೈಯಲ್ಲಿ, ಆ ತುದಿ ಹೆಂಡತಿಯ ಕೈಯಲ್ಲಿ, ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಚಬೇಕು, ಮೊದಲ ಸೋಮವಾರ ಅವನು ಎಡಕ್ಕೆ ತಿರುಚಿ ಶೀಟು ಸುಮ್ಮನೆ ಉರುಳಿತ್ತು, ಒಂದು ಹನಿ ನೀರು ಬೀಳಲಿಲ್ಲ, ಅಷ್ಟು ದೊಡ್ಡ ಸಭೆ ನಡೆಸೋರಿಗೆ ಒಂದು ಬಟ್ಟೆ ಹಿಂಡೋಕೆ ಬರಲ್ವಾ ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು — ಆಹಾ, ಭಾನುವಾರದ ಪ್ರಸಂಗಕ್ಕೆ ಎಂಥ ಉದಾಹರಣೆ, ಮೂರು ಅಂಶ ಮಾಡಬಹುದು, ಮೊದಲನೆಯದು — ಬೇಡ, ಬಿಡಪ್ಪ, ಬಟ್ಟೆ ಬಟ್ಟೆಯಾಗಿಯೇ ಇರಲಿ. ಇದೇ ಅವನ ರೋಗ, ಕಂಡುಹಿಡಿದವರು ಹಿರಿಯ ಪಾದ್ರಿ, ಅವನಿಗೆ ಕೆಲಸ ಕಲಿಸಿದವರು, ಈಗ ನಿವೃತ್ತರಾಗಿ ಹೂ ಬಿಡದ ಗುಲಾಬಿ ಗಿಡಗಳನ್ನು ಬೈಯುತ್ತ ಕೂತಿರುತ್ತಾರೆ, ಬೈಬಲ್ ತೆಗೆದು ಕೀರ್ತನೆ ಓದೋದು ನಿನಗಾಗಿನಾ ಭಾನುವಾರಕ್ಕಾ ಎಂದು ಗಿಡದಿಂದ ಕಣ್ಣು ತೆಗೆಯದೆ ಕೇಳಿದ್ದರು, ಭಾನುವಾರಕ್ಕೆ ಎನ್ನಲು ನಾಚಿಕೆಯಾಗಿ ಅವನು ಚಪ್ಪಲಿಯ ಉಂಗುಷ್ಠ ನೋಡುತ್ತ ನಿಂತಿದ್ದ, ಎಲ್ಲರಿಗೂ ಬಡಿಸಿ ಬಡಿಸಿ ನಿನ್ನ ಪಾತ್ರೆ ತಳ ಕಂಡಿದೆ ಕಣಯ್ಯ, ಮೊದಲು ನೀನು ಕೂತು ಊಟ ಮಾಡು, ಯಾರಿಗೂ ಕೇಳಿಸದ ಹಾಗೆ ಪ್ರಾರ್ಥನೆ ಮಾಡಿ ಎಷ್ಟು ಕಾಲ ಆಯ್ತು ಎಂದಿದ್ದರು.

ಕಾಲವೇನು, ಮರೆತೇ ಹೋಗಿತ್ತು, ಕಾಲಿಗೆ ಚಕ್ರ ಕಟ್ಟಿಕೊಂಡ ಬದುಕು, ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಸಮಾಧಿ, ಸಂಜೆ ಯಾರದೋ ಮನೆಯ ಗಂಡ ಹೆಂಡಿರ ಜಗಳ, ಎದ್ದೆನೋ ಬಿದ್ದೆನೋ ಎಂದು ಸ್ಕೂಟರ್ ಹತ್ತುವಾಗ ಹಿತ್ತಲಲ್ಲಿ ಅವಳೊಬ್ಬಳೇ ಕಾಣುತ್ತಿದ್ದಳು, ಶೀಟಿನ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದನ್ನು ತಾನು ಹಿಡಿದು, ಹಿಂದಕ್ಕೆ ವಾಲಿ ಹಿಂಡುತ್ತಿದ್ದಳು, ಎಷ್ಟು ಜಾಣೆ ಎಂದುಕೊಂಡು ಗೇಟು ದಾಟುತ್ತಿದ್ದ, ಅಷ್ಟೇ, ಜಾಣೆ ಎಂದುಕೊಂಡು. ಆಮೇಲೆ ಆ ಊಟದ ಹೊತ್ತು — ಅಮ್ಮನಿಗೆ ಈಗ ನನ್ನ ಗುರುತೇ ಸಿಕ್ತಾ ಇಲ್ಲ ರೀ, ಯಾರಮ್ಮ ನೀನು ಅಂತ ಕೇಳಿದ್ರು ಎಂದು ಅವಳು ಹೇಳಿದಾಗ ಅವನು ನೀರಿನ ಲೋಟಕ್ಕೆ ಕೈ ಚಾಚುತ್ತ, ತಲೆಯೆತ್ತದೆ, ಧೈರ್ಯವಾಗಿರಿ ಸಹೋದರಿ, ನಿಮಗಾಗಿ ಪ್ರಾರ್ಥಿಸ್ತೇನೆ ಎಂದುಬಿಟ್ಟ, ಆಸ್ಪತ್ರೆಯ ಮಂಚಗಳ ಪಕ್ಕ ಹೇಳಿ ಹೇಳಿ ನಯವಾದ ಅದೇ ದನಿ, ಕಟ್ಟಿಕೊಂಡ ಹೆಂಡತಿಗೆ, ನೀವು ಎಂದು, ಸಹೋದರಿ ಎಂದು, ಅವಳು ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು, ಆಗಲಿ ಪಾಸ್ಟರ್ ಎಂದಳು, ಎದ್ದು ಒಳಗೆ ಹೋದಳು. ಆಗಲಿ ಪಾಸ್ಟರ್. ಮರುದಿನವೇ ಅವನು ಗುಲಾಬಿ ಗಿಡಗಳ ಮುಂದೆ ಹೋಗಿ ನಿಂತಿದ್ದು.

ಈಗ ಸೋಮವಾರ ಸೋಮವಾರವೇ, ರಜೆ ಎಂದರೆ ರಜೆ, ಫೋನು ಕಾಲುಚೀಲಗಳ ಜೊತೆ ಕಪಾಟಿನಲ್ಲಿ ಮಲಗಿರುತ್ತದೆ, ಬೆಳಿಗ್ಗೆ ಒಂದೇ ಕೀರ್ತನೆ, ಪೆನ್ನಿಲ್ಲದೆ, ಮೆಟ್ಟಿಲ ಮೇಲೆ ಕೂತು, ಕೆಲವೊಮ್ಮೆ ಹೇಳಿಕೊಳ್ಳಲು ಮಾತೇ ಇರುವುದಿಲ್ಲ, ದೇವರೂ ಅವನೂ ಸುಮ್ಮನೆ ಕೂತಿರುತ್ತಾರೆ, ಹಳೆಯ ಸ್ನೇಹಿತರಲ್ಲವೇ, ಆಮೇಲೆ ಗಂಡ ಹೆಂಡತಿ ಇಬ್ಬರೂ ಅತ್ತೆಯನ್ನು ನೋಡಲು ಹೋಗುತ್ತಾರೆ, ಅತ್ತೆ ಅವನನ್ನು ನಲ್ಲಿ ರಿಪೇರಿಯವನೆಂದು ತಿಳಿದು ಬಚ್ಚಲು ತೋರಿಸುತ್ತಾರೆ, ಅವನು ಹೋಗಿ ನಲ್ಲಿ ತಿರುಗಿಸಿ ಸರಿಹೋಯ್ತು ಅಮ್ಮ ಎನ್ನುತ್ತಾನೆ, ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾಳೆ, ಕಣ್ಣೂ ಒರೆಸಿಕೊಳ್ಳುತ್ತಾಳೆ, ಸುಖವೆಂದರೆ ಇದೇ ಇರಬೇಕು, ಇದೇ — ಗೇಟಿನ ಚಿಲಕದ ಸದ್ದು. ಸಭೆಯ ಕಾರ್ಯದರ್ಶಿ, ಹೆಂಡತಿ ಇಟ್ಟ ಹೆಸರು ಐದ್ನಿಮಿಷ, ಪಾಸ್ಟರ್ ಐದೇ ನಿಮಿಷ ಎಂದು ಬಂದವರು ಊಟದ ಹೊತ್ತಿನವರೆಗೂ ಏಳುವವರಲ್ಲ, ಪಾಸ್ಟರ್, ಐದೇ ನಿಮಿಷ, ಗಾಯನ ತಂಡದಲ್ಲಿ ಮತ್ತೆ ಶುರುವಾಗಿದೆ, ಅತ್ತಿಗೆ ನಾದಿನಿ ಇಬ್ಬರಿಗೂ ಮೈಕಿನ ಪಕ್ಕದ ಜಾಗವೇ ಬೇಕಂತೆ, ನೀವು ಬಂದು ಒಂದು ಮಾತು ಹೇಳಿದ್ರೆ — ಅವನ ಕಾಲು ಆಗಲೇ ಗೇಟಿನ ಕಡೆ ತಿರುಗಿದೆ, ಬೆರಳು ಸಡಿಲಾಗಿದೆ, ನಾನಿಲ್ಲದಿದ್ದರೆ ಹೇಗೆ ಎಂದು ಎದೆಯೊಳಗೆ ಹಳೆಯ ಹಿಗ್ಗು ಏಳುತ್ತಿದೆ, ಅವಳು ಶೀಟಿನ ಭಾರವನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡು ಅರ್ಧ ಹೆಜ್ಜೆ ನಲ್ಲಿಯ ಕಡೆ ಸರಿದಳು, ಅಭ್ಯಾಸವಾಗಿ ಹೋದವರ ಹಾಗೆ.

ಯಾರಿಗಾದ್ರೂ ಹುಷಾರಿಲ್ವಾ ಎಂದು ಅವನು ನಿಂತಲ್ಲಿಂದಲೇ ಕೇಳಿದ. ಇಲ್ಲ ಪಾಸ್ಟರ್. ಯಾರಾದ್ರೂ ತೀರಿಕೊಂಡ್ರಾ? ಅಯ್ಯೋ ಇಲ್ಲ. ಹಾಗಾದ್ರೆ ನಾಳೆ ಬರ್ತೀನಿ, ಇವತ್ತು ಅವರು ಮೈಕ್ ಇಲ್ಲದೇ ಹಾಡಲಿ. ಐದ್ನಿಮಿಷ ಬಂದ ದಾರಿಯಲ್ಲೇ ಹೋದರು, ಚಿಲಕ ಬಿತ್ತು, ಆಕಾಶವೇನೂ ಕಳಚಿ ಬೀಳಲಿಲ್ಲ, ಅವನು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡ, ಜೋರಾಗಿ ತಿರುಚಿ ರೀ ಎಂದಳು ಅವಳು, ತಿರುಚಿದ, ನೀರು ಸುರಿಯಿತು, ಇಬ್ಬರ ಪಾದದ ಮೇಲೂ, ತಣ್ಣಗೆ, ಅವಳ ಭುಜದ ಆಚೆಗೆ ನಲ್ಲಿ, ಅದರ ಕುತ್ತಿಗೆಗೆ ಏನೂ ಸುತ್ತಿಲ್ಲ, ಸವೆದು ಹೊಳೆಯುವ ಕುತ್ತಿಗೆ, ಇಷ್ಟು ವರ್ಷ ಅವನ ತುದಿ ಹಿಡಿದಿದ್ದ ನಲ್ಲಿ, ಖಾಲಿ, ಬಿಸಿಲಲ್ಲಿ, ನಲ್ಲಿ.