ಬೇಯಿಸಿದ ಸ್ಪಂಜು

ಮೂರನೆಯ ಮೀನು ಸತ್ತ ಬೆಳಿಗ್ಗೆ ನನ್ನ ಗಂಡನ ಅಕ್ಕ ರುದ್ರಾಣಿ ಅದನ್ನು ಮೊರದಲ್ಲಿಟ್ಟುಕೊಂಡು ಬೀದಿಬಾಗಿಲಿಗೆ ಹೋದರು. ಎದುರುಮನೆಯ ಚೆಲುವಮ್ಮ ರಂಗೋಲಿ ಹಾಕುತ್ತಿದ್ದರು.

"ನೋಡಿ ಚೆಲುವಮ್ಮಾರೆ, ನನ್ ತಮ್ಮ ಓಗಿ ಇಪ್ಪತ್ ದಿನ ಆಗಿಲ್ಲ. ಅವನ್ ಸಾಕಿದ್ದವೂ ಒಂದೊಂದಾಗ್ ಓಯ್ತಾ ಅವೆ. ಇನ್ನೇನ್ ಯೋಳದು, ಅವಳ ಕಾಲ್ಗುಣ."

ಅವಳು ಎಂದರೆ ನಾನು. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ನನ್ನ ಗಂಡ ದೇವರಾಜ್ ಕಾಮಗೆರೆ ತಿರುವಿನಲ್ಲಿ ಬೈಕಿನಿಂದ ಬಿದ್ದು ಸತ್ತ ದಿನದಿಂದ ನನಗೆ ಯಾರ ಮಾತೂ ತಾಗುತ್ತಿರಲಿಲ್ಲ. ಇದು ತಾಗಿತು.

ಐದು ಗೋಲ್ಡ್‌ಫಿಶ್‌ಗಳಿದ್ದವು. ಕೊಳ್ಳೇಗಾಲದ ಈ ಮನೆಯ ನಡುಮನೆಯಲ್ಲಿ, ಮಗ್ಗಕ್ಕೂ ಕಿಟಕಿಗೂ ನಡುವೆ, ಮೂರಡಿಯ ಗಾಜಿನ ತೊಟ್ಟಿ. ಅದನ್ನು ತಂದ ಮೇಲೆ ದೇವರಾಜ್ ಒಂದೂವರೆ ತಿಂಗಳು ಮೀನು ಬಿಟ್ಟಿರಲಿಲ್ಲ. ಬರಿಯ ನೀರಿಗೆ ದಿನಾ ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಡುತ್ತಿದ್ದ. ಮನೆಯವರೆಲ್ಲ ನಗುತ್ತಿದ್ದರು. ನಾನು ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದವಳು, ನಗಲಿಲ್ಲ. ಮೀನಿನ ಕಶ್ಮಲದಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಅದನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ವಾರಗಟ್ಟಲೆ ಬೇಕು. ಆ ಸ್ಪಂಜನ್ನು ಅವನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡುತ್ತಿದ್ದ. ನಲ್ಲಿಗೆ ಒಡ್ಡುತ್ತಿರಲಿಲ್ಲ, ಅದರ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸಾಯುತ್ತವೆ.

ಹನ್ನೊಂದನೆಯ ದಿನ ಸೂತಕ ಕಳೆಯಲು ಮನೆಯಲ್ಲಿದ್ದ ನೀರನ್ನೆಲ್ಲ ಚೆಲ್ಲಿದರು. ಬಿಂದಿಗೆ, ಹಂಡೆ, ಡ್ರಮ್ಮು. ತೊಟ್ಟಿಯದೂ ಸಾವಿನ ಮನೆಯ ನೀರೇ ಅಲ್ಲವೇ ಎಂದರು ರುದ್ರಾಣಿ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ತಳದ ಕಲ್ಲುಗಳನ್ನು ಅರಿಶಿನದ ನೀರಿನಲ್ಲಿ ತೊಳೆದು ಬಿಸಿಲಿಗೆ ಹರಡಿ, ಹೊಸ ನೀರು ತುಂಬಿದರು. ಗಂಡ ಸತ್ತವಳು ಮೂಲೆ ಬಿಟ್ಟು ಏಳಬಾರದು. ಹಳೆಯ ನೀರು ಚರಂಡಿಗೆ ಇಳಿಯುವ ಸದ್ದು ಕೇಳಿತು. ನಾನು ಬಾಯಿ ಬಿಡಲಿಲ್ಲ. ನನ್ನ ತಪ್ಪು ಅಷ್ಟೇ.

ಮೊದಲ ಮೀನು ಸತ್ತಾಗಿನಿಂದ ದಿನಾ ಕಾಲುಭಾಗ ನೀರು ಬದಲಾಯಿಸಿ, ಆಹಾರ ನಿಲ್ಲಿಸಿದ್ದೆ. ಅದಕ್ಕೂ ಮಾತು: "ಮೀನ್ಗೂ ಉಪ್ವಾಸ ಇಡ್ಸವ್ಳೆ."

ಈಗ ರುದ್ರಾಣಿ ಒಳಗೆ ಬಂದು ಹೇಳಿದರು, "ಉಳ್ದಿರೋ ಎರಡ್ನೂ ನಾಳೆ ನಮ್ಮೂರ್ ಯಳಂದೂರಿಗ್ ತಕಂಡೋಗಿ ಕೆರೆಗ್ ಬುಡ್ತೀನಿ. ನೀನಿನ್ ಆ ನೀರಿಗ್ ಕೈ ಆಕ್ಬೇಡ."

ನಾನು ಬೀರುವಿನಿಂದ ದೇವರಾಜನ ನೀರು ಪರೀಕ್ಷಿಸುವ ಡಬ್ಬಿ ತೆಗೆದೆ. ಗಾಜಿನ ನಳಿಕೆಗೆ ತೊಟ್ಟಿಯ ನೀರು, ಎರಡು ಸೀಸೆಗಳಿಂದ ಎಂಟೆಂಟು ಹನಿ, ಐದು ನಿಮಿಷ. ಅಮೋನಿಯ ಇಲ್ಲದಿದ್ದರೆ ಹಳದಿ, ಹೆಚ್ಚಿದಷ್ಟೂ ಹಸಿರು. ನಳಿಕೆಯನ್ನೂ ಬಣ್ಣದ ಚೀಟಿಯನ್ನೂ ಮಗ್ಗದ ಮುಂದೆ ಕೂತಿದ್ದ ಮಾವ ಗೋವಿಂದಯ್ಯನವರಿಗೆ ಕೊಟ್ಟೆ. ರೇಷ್ಮೆಯ ಬಣ್ಣದ ವಿಷಯದಲ್ಲಿ ಅವರ ಕಣ್ಣನ್ನು ಈ ಬೀದಿಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ.

"ಇದು ಯಾವ ಬಣ್ಣಕ್ಕೆ ಹೊಂದುತ್ತೆ ನೋಡಿ ಮಾವ."

"ಅಳದಿ ತಾನೆ," ಎಂದರು ರುದ್ರಾಣಿ, ನೋಡದೆಯೇ.

ಮಾವ ಕಿಟಕಿಯ ಬೆಳಕಿಗೆ ಹಿಡಿದರು. "ಅಳದಿ ಎಲ್ ಬಂತು? ಗಿಳಿ ಅಸ್ರು. ಮೇಲಿಂದ ಐದ್ನೇ ಮನೆ."

"ಅದು ವಿಷದ ಅಳತೆ ಮಾವ. ಕಾಲ್ಗುಣಕ್ಕೆ ಬಣ್ಣ ಇರಲ್ಲ."

ಸ್ಪಂಜಿನ ಕೆಲಸವೇನೆಂದು ಹೇಳಿದೆ. ಅದನ್ನು ಹೇಗೆ ತೊಳೆದಿರಿ ಎಂದು ಕೇಳಿದೆ. ರುದ್ರಾಣಿ ತಂದೆಯ ಮುಖ ನೋಡಿದರು. ಹಸಿ ರೇಷ್ಮೆಯ ಅಂಟು ಬಿಡಿಸಲು ಈ ಮನೆಯಲ್ಲಿ ಸೋಪು, ಸೋಡಾ ಹಾಕಿ ನೀರು ಕುದಿಸುತ್ತಾರೆ.

"ಜಿಡ್ ಜಿಡ್ಡಾಗಿತ್ತು ಕಣವ್ವ," ಎಂದರು ಮಾವ. "ರೇಷ್ಮೆ ಬೇಯ್ಸೋ ಅಂಡೇಲಿ ನಾನೇ ಬೇಯ್ಸ್ದೆ. ಒಸದಂಗಾಯ್ತು ಅಂತ ಕುಸಿಪಟ್ಟೆ."

"ಆ ಜಿಡ್ಡಲ್ಲೇ ಜೀವ ಇತ್ತು."

ಅವರು ನಳಿಕೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಆಮೇಲೆ, "ಈಗೇನ್ ಮಾಡ್ಬೇಕು?" ಎಂದರು.

ಕಾಮಗೆರೆಯಲ್ಲಿ ದೇವರಾಜನ ಗೆಳೆಯ ಶಾಂತಮೂರ್ತಿಯ ಮೊಬೈಲ್ ಅಂಗಡಿಯಿದೆ. ಕಳೆದ ವರ್ಷ ಅವನ ಅಂಗಡಿಯ ತೊಟ್ಟಿಗೆಂದು ದೇವರಾಜ್ ನಮ್ಮ ಸ್ಪಂಜಿನಲ್ಲೇ ಅರ್ಧ ಕತ್ತರಿಸಿ ಕೊಟ್ಟಿದ್ದ. ಅದರಲ್ಲಿ ಬ್ಯಾಕ್ಟೀರಿಯಾ ಇನ್ನೂ ಬದುಕಿರುತ್ತವೆ; ಅದರ ತುಂಡು ಬೇಕು, ಇವತ್ತೇ, ಒಣಗಿಸದೆ ತರಬೇಕು. ನಾನೇ ಹೋಗುತ್ತೇನೆ ಎಂದೆ.

"ಗಂಡ ಸತ್ತು ತಿಂಗ್ಳು ತುಂಬಿಲ್ಲ, ಬಸ್ ಅತ್ತಿ ಓಯ್ತಾಳಂತೆ. ನೋಡ್ದೋರ್ ಏನಂತಾರೆ?" ಎಂದರು ರುದ್ರಾಣಿ.

"ಅನ್ನೋದನ್ನೆಲ್ಲ ನೀವೇ ಅಂದಾಯ್ತಲ್ಲ ಅಕ್ಕ. ಅವರಿಗೆ ಏನೂ ಉಳಿದಿಲ್ಲ."

ಮಾವ ಎದ್ದು, ಅಟ್ಟಕ್ಕೆ ಎಸೆದಿದ್ದ ನನ್ನ ಚಪ್ಪಲಿ ತೆಗೆದು ಹೊಸಿಲ ಬಳಿ ಇಟ್ಟರು.

ಕಾಮಗೆರೆಯ ಮೇಲೆ ಹೋಗುವ ಹನೂರಿನ ಬಸ್ಸು ಬೆಟ್ಟದ ದೇವಸ್ಥಾನಕ್ಕೆ ಹೋಗುವವರಿಂದ ತುಂಬಿತ್ತು. ಶಾಂತಮೂರ್ತಿ ನನ್ನನ್ನು ಕಂಡು ಕುರ್ಚಿಯಿಂದ ಎದ್ದವನು ಕೂರಲೇ ಇಲ್ಲ. "ಪೂರಾನೇ ತಕಂಡೋಗಿ ಅಕ್ಕ," ಎಂದ. ಅರ್ಧ ಸಾಕು, ಇಲ್ಲದಿದ್ದರೆ ನಿನ್ನ ಮೀನು ಸಾಯುತ್ತವೆ ಎಂದೆ. ಅವನ ತೊಟ್ಟಿಯ ನೀರನ್ನೇ ಡಬ್ಬಿಗೆ ತುಂಬಿ ಅದರಲ್ಲಿ ಮುಳುಗಿಸಿ ಕೊಟ್ಟ. ದೇವರಾಜ್ ಬಿದ್ದ ಆ ತಿರುವು ಹೋಗುವಾಗ ಬಂತು, ಬರುವಾಗಲೂ ಬಂತು. ಬರುವಾಗ ಮಡಿಲಲ್ಲಿ ಡಬ್ಬಿಯಿತ್ತು. ನೀರು ಚೆಲ್ಲದಂತೆ ಮುಚ್ಚಳ ಒತ್ತಿ ಹಿಡಿದಿದ್ದೆ.

ಮನೆಗೆ ಬಂದವಳೇ ಆ ತುಂಡನ್ನು ನಮ್ಮ ಫಿಲ್ಟರಿನಲ್ಲಿಟ್ಟೆ. ಮಾರನೆಯ ದಿನ ರುದ್ರಾಣಿ ಯಳಂದೂರಿಗೆ ಬರಿಗೈಯಲ್ಲಿ ಹೋದರು. ಮಾವ ಪ್ರತಿದಿನ ನಳಿಕೆ ನೋಡಿದರು. ಒಂಬತ್ತನೆಯ ದಿನ, "ನಿಂಬೆ ಅಳದಿ. ಅಸ್ರು ಒಂದೆಳೇನೂ ಇಲ್ಲ," ಎಂದರು. ಎರಡು ಮೀನುಗಳೂ ಉಳಿದವು.

ಅಂದು ಸಂಜೆ ರುದ್ರಾಣಿ ಫೋನ್ ಮಾಡಿದರು. "ಉಳ್ಕಂಡ್ವಂತಲ್ಲ, ದೇವ್ರು ದೊಡ್ಡೋನು."

ಮೂರು ಸತ್ತದ್ದು ನನ್ನಿಂದ, ಎರಡು ಉಳಿದದ್ದು ದೇವರಿಂದ.

"ನೀವು ಬೀದಿಬಾಗಿಲಲ್ಲಿ ನಿಂತು ಹೇಳಿದ್ರಿ ಅಕ್ಕ. ಬಂದು ಅಲ್ಲೇ ನಿಂತು ತಪ್ಪಾಯ್ತು ಅನ್ನಿ."

ಫೋನ್ ಕಟ್ಟಾಯಿತು. ಮಾವ ಪಕ್ಕದಲ್ಲೇ ಲಾಳಿಗೆ ನೂಲು ತುಂಬುತ್ತಿದ್ದರು. ಎಲ್ಲವೂ ಅವರ ಕಿವಿಗೆ ಬಿದ್ದಿತ್ತು.

ಮಾರನೆಯ ಬೆಳಿಗ್ಗೆ ಚೆಲುವಮ್ಮ ರಂಗೋಲಿಗೆ ಕೂತಾಗ ಮಾವ ಬೀದಿಬಾಗಿಲಿಗೆ ಹೋದರು.

"ಚೆಲುವಮ್ಮಾರೆ, ಆ ಮೀನ್ಗಳ್ನ ಕೊಂದೋನ್ ನಾನು. ನಮ್ ಸೊಸೆ ಅಲ್ಲ. ಸ್ಪಂಜ್ನ ಬೇಯ್ಸ್‌ಬುಟ್ಟೆ."

"ಏನ್ ಬೇಯ್ಸುದ್ರಿ?"

ಮಾವ ಮೊದಲಿನಿಂದ ವಿವರಿಸತೊಡಗಿದರು. ಅಮೋನಿಯ ಎಂಬ ಹೆಸರು ನೆನಪಾಗದೆ ಗಿಳಿ ಹಸಿರಿನ ವಿಷ ಎಂದರು. ನಾನು ಹೊರಗೆ ಹೋಗಿ ತಿದ್ದಲಿಲ್ಲ.