ಮೊದಲು ಗಾಳಿ

ಉಪ್ಪಲ್ ಆಚೆಯ ಎರಕದ ಕಾರ್ಖಾನೆಯಲ್ಲಿ ಕುಲುಮೆ ಹಚ್ಚುವ ಪ್ರೋಗ್ರಾಂ ಬರೆದವಳು ನೇತ್ರಾ. ಆ ಕುಲುಮೆ ನೋಡಿಕೊಳ್ಳುವವರು ಅವಳ ಅಪ್ಪ ಬಸವಲಿಂಗಪ್ಪ. ಮಗಳ ಕೆಲಸವೆಂದರೆ ಅವರಿಗೆ ಕಣ್ಣುಮುಚ್ಚಿ ನಂಬಿಕೆ. ಸಿಕ್ಕಸಿಕ್ಕವರ ಮುಂದೆ ಹೊಗಳಿ ಕಿವಿ ತೂತು ಮಾಡಿದ್ದರು.

ಕುಲುಮೆ ಹಚ್ಚುವ ಕ್ರಮ ಸರಳ. ಮೊದಲು ಫ್ಯಾನ್ ತಿರುಗಿ ಒಳಗೆ ಉಳಿದ ಗ್ಯಾಸನ್ನು ಹೊರದಬ್ಬಬೇಕು, ಆಮೇಲೆ ಕಿಡಿ, ಕೊನೆಗೆ ಹೊಸ ಗ್ಯಾಸ್. ಫ್ಯಾನಿಗಿಂತ ಮುಂಚೆ ಕಿಡಿ ಹಾರಿದರೆ ಕುಲುಮೆಯೂ ಇಲ್ಲ, ಎದುರು ನಿಂತವರೂ ಇಲ್ಲ. ಈ ಮೂರು ಹೆಸರನ್ನು, ಯಾವುದು ಎಷ್ಟು ಸೆಕೆಂಡು ಎಂಬುದನ್ನೂ ಸೇರಿಸಿ, ನೇತ್ರಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡಿಕ್ಷನರಿ ಎನ್ನುವ ಪಟ್ಟಿಯೊಂದರಲ್ಲಿ ಇದೇ ಕ್ರಮದಲ್ಲಿ ಹಾಕಿದ್ದಳು. ಹಾಕಿದ ಕ್ರಮದಲ್ಲೇ ಅವಳ ಲ್ಯಾಪ್‌ಟಾಪಿನ ಹೊಸ ಪೈಥಾನ್ ಹಿಂದಿರುಗಿಸುತ್ತಿತ್ತು. ಕಾರ್ಖಾನೆಯಲ್ಲೂ ಹಾಗೇ ನಡೆದಿತ್ತು. ಇನ್ನು ಅನುಮಾನ ಎಲ್ಲಿಂದ ಬರಬೇಕು?

ಅದು ಬಂದದ್ದು ಒಂದು ಮಧ್ಯಾಹ್ನ, ಮೆಹದಿಪಟ್ಟಣಂನ ಆಫೀಸಿನಲ್ಲಿ. ಲ್ಯಾಪ್‌ಟಾಪ್ ಕೈಕೊಟ್ಟಿತೆಂದು ಅವಳು ಮೂಲೆಗೆ ಬಿದ್ದಿದ್ದ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಂ ಓಡಿಸಿದಳು. ಅದರಲ್ಲಿದ್ದದ್ದು ಹಳೆಯ ಪೈಥಾನ್, ಕಾರ್ಖಾನೆಯಲ್ಲಿರುವಂಥದ್ದೇ. ಕಿಡಿ, ಗ್ಯಾಸ್, ಫ್ಯಾನ್ ಎಂದು ಬಂತು. ನಿಲ್ಲಿಸಿ ಮತ್ತೆ ಓಡಿಸಿದಳು. ಗ್ಯಾಸ್, ಕಿಡಿ, ಫ್ಯಾನ್. ಈ ಹಳೆಯದಕ್ಕೆ ಹಾಕಿದ ಕ್ರಮದ ಗೊಡವೆಯೇ ಇಲ್ಲ. ಪ್ರತಿ ಸಲ ಶುರುವಾದಾಗ ತನಗೆ ತೋಚಿದಂತೆ ಜೋಡಿಸಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಮೊದಲ ಸಲ ಅದೃಷ್ಟಕ್ಕೆ ಸರಿಬಿದ್ದಿತ್ತು. ಅಲ್ಲಿಂದೀಚೆಗೆ ಆ ಕಂಪ್ಯೂಟರನ್ನು ಯಾರೂ ಆರಿಸಿರಲಿಲ್ಲ, ಹಾಗಾಗಿ ಕ್ರಮವೂ ಕೆಟ್ಟಿರಲಿಲ್ಲ.

ನೇತ್ರಾ ಅಪ್ಪನಿಗೆ ಫೋನ್ ಹಚ್ಚಿದಳು. ಎತ್ತಿದವನು ಗೇಟಿನ ಕಾವಲುಗಾರ ಅಂಬಾದಾಸ. ಕುಲುಮೆಯ ಹತ್ತಿರ ಫೋನ್ ಒಯ್ಯುವಂತಿಲ್ಲವೆಂದು ಎಲ್ಲರೂ ಅವನ ಬಳಿ ಬಿಟ್ಟುಹೋಗುತ್ತಾರೆ.

“ಮಾಮಾ, ಕುಲುಮಿ ಹಚ್ಚಬ್ಯಾಡ ಅಂತ ಅಪ್ಪಗ ಹೇಳ್ರಿ. ಲಗೂನ ಓಡ್ರಿ!”

“ಯಾಕವ್ವಾ, ಏನಾತು? ಈಗಷ್ಟ ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ಮತ್ತ ಚಾಲೂ ಮಾಡ್ಯಾರ.”

ಅವನು ಫೋನ್ ಹಿಡಿದೇ ಓಡಿದ. ಏದುಸಿರು, ಬೂಟಿನ ಸದ್ದು, ಆಮೇಲೆ ಅವನ ಕೂಗು: “ಸಾಹೇಬ್ರ, ನಿಲ್ರಿ! ನಿಮ್ಮ ಮಗಳು ಹಚ್ಚಬ್ಯಾಡ ಅನ್ನಾಕತ್ತಾಳ್ರಿ!”

ಅಪ್ಪನ ನಗು ನೇತ್ರಾಳಿಗೆ ಸ್ಪಷ್ಟವಾಗಿ ಕೇಳಿಸಿತು. “ಭಾಳ ಅಂಜತಾಳ ನೋಡು ಅಕಿ. ಅಕಿ ಬರದದ್ದು ಐತಿ, ತಪ್ಪಂಗಿಲ್ಲ. ಹಚ್ಚಿ ಬಂದು ಮಾತಾಡ್ತೀನಿ ಅನ್ನು.”

“ಅಪ್ಪಾ, ನಾ ತಪ್ಪು ಬರದೀನಿ! ಹೊರಗ ಬಾ!”

ಆ ಚೀರಾಟ ಅಂಬಾದಾಸನ ಅಂಗೈಯೊಳಗೇ ಉಳಿಯಿತು. ಅಪ್ಪ ಗುಂಡಿ ಒತ್ತಿದರು. ಒತ್ತಿದ ಕೂಡಲೇ ಫ್ಯಾನ್ ಗುಂಯ್ ಎನ್ನಬೇಕು. ನೇತ್ರಾ ಕಿವಿಗೊಟ್ಟಳು.

ಕೇಳಿಸಿದ್ದು ಕಿಡಿಯ ಟಿಕ್ ಟಿಕ್.